ತಮ್ಮನ್ನು ಕಾಣಬೇಕಿತ್ತು: ಗಾಂಧೀಜಿ ಭೇಟಿ ಕೇಳಿದ ಪತ್ರಗಳು

ಎಲ್ಲರಿಗೂ ನಮಸ್ಕಾರ.

ಮಂಗಳೂರಿನಿಂದಲೇ ಶುರು ಮಾಡುತ್ತೇನೆ. 1927ರ ಅಕ್ಟೋಬರ್ ಕೊನೆಯಲ್ಲಿ ಗಾಂಧೀಜಿ ಅಲ್ಲಿದ್ದರು. ಆ ವರ್ಷ ಅವರು ನಮ್ಮ ಕಡೆ ಬಹಳ ದಿನ ಇದ್ದರು. ಬೇಸಿಗೆಯಲ್ಲಿ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ ವಿಶ್ರಾಂತಿ, ಆಮೇಲೆ ಬೆಂಗಳೂರು, ಸುಧಾರಿಸಿಕೊಂಡ ಮೇಲೆ ಖಾದಿ ಕೆಲಸಕ್ಕೆ ಊರೂರು ಸುತ್ತಾಟ. ಮಂಗಳೂರಿನಲ್ಲಿದ್ದಾಗ ವೈಸ್‌ರಾಯ್ ಲಾರ್ಡ್ ಇರ್ವಿನ್ ಅವರಿಂದ ಕರೆ ಬಂತು. ನವೆಂಬರ್ ಮೊದಲ ವಾರ ದೆಹಲಿಗೆ ಬಂದು ಕಾಣಬೇಕು ಅಂತ. ಗಾಂಧೀಜಿ ಮುಂದಿನ ಕಾರ್ಯಕ್ರಮಗಳನ್ನೆಲ್ಲ ರದ್ದು ಮಾಡಿ ಹೊರಟರು. ಹತ್ತಿರ ಹತ್ತಿರ ಎರಡು ಸಾವಿರ ಕಿಲೋಮೀಟರ್ ದಾರಿ. ಕೊಂಕಣ ರೈಲು ಬರುವುದಕ್ಕೆ ಇನ್ನೂ ಎಪ್ಪತ್ತು ವರ್ಷ ಬಾಕಿ ಇದ್ದ ಕಾಲ.

ದೆಹಲಿಯಲ್ಲಿ ವೈಸ್‌ರಾಯ್ ಗಾಂಧೀಜಿಯ ಕೈಗೆ ಒಂದು ಕಾಗದ ಕೊಟ್ಟರು. ಭಾರತದ ಮುಂದಿನ ಆಡಳಿತದ ಬಗ್ಗೆ ವಿಚಾರಿಸಲು ಸರ್ ಜಾನ್ ಸೈಮನ್ ಅಧ್ಯಕ್ಷತೆಯಲ್ಲಿ ಒಂದು ಆಯೋಗ ಬರುತ್ತದೆ ಅನ್ನುವ ಪ್ರಕಟಣೆ. ಆಯೋಗದಲ್ಲಿ ಒಬ್ಬ ಭಾರತೀಯನೂ ಇಲ್ಲ. ಗಾಂಧೀಜಿ ಓದಿದರು, ತಲೆ ಎತ್ತಿದರು, ಕಾದರು. ವೈಸ್‌ರಾಯ್ ಮಾತಾಡಲಿಲ್ಲ. ‘ನನ್ನನ್ನು ಕರೆಸಿದ್ದು ಇಷ್ಟಕ್ಕೇನಾ?’ ಅಂತ ಕೇಳಿದರು. ‘ಹೌದು’ ಅಂತ ಉತ್ತರ ಬಂತು. ಅಲ್ಲಿಗೆ ಭೇಟಿ ಮುಗಿಯಿತು. ಇದನ್ನು ಒಂದು ಲಕೋಟೆಗೆ ಹಾಕಿ ಕಳಿಸಿದ್ದರೂ ಸಾಕಿತ್ತು ಅಂತ ಗಾಂಧೀಜಿ ಅಂದರು ಅನ್ನುವ ಮಾತೂ ಚಾಲ್ತಿಯಲ್ಲಿದೆ. ಅಂದರೋ ಬಿಟ್ಟರೋ, ಸಂಗತಿ ಮಾತ್ರ ನಿಜ. ಅಲ್ಲಿಂದ ಅವರು ಸುಮ್ನೆ ಮತ್ತೆ ದಕ್ಷಿಣಕ್ಕೆ ಬಂದು ಸಿಲೋನಿಗೆ ಹೋದರು.

ಈ ಘಟನೆಯಲ್ಲಿ ಭೇಟಿಯೇ ಆಗಲಿಲ್ಲ ಅನ್ನಬಹುದು. ಆಗಿದ್ದು ಬರೀ ಹಾಜರಿ. ನನ್ನ ಇವತ್ತಿನ ಮಾತು ಇದರ ಸುತ್ತಲೇ ಇದೆ. ದೊಡ್ಡವರ ಭೇಟಿಗಳ ಬಗ್ಗೆ ನಾವು ಜಾಸ್ತಿ ಓದುತ್ತೇವೆ. ಒಳಗೆ ಏನು ಮಾತಾಡಿದರು, ಹೊರಗೆ ಬಂದು ಏನು ಹೇಳಿದರು, ಯಾರು ಗೆದ್ದರು. ಅದಕ್ಕೂ ಮೊದಲು ಓಡಾಡಿದ ಪತ್ರ, ತಂತಿಗಳನ್ನು ಪುಟ ತಿರುಗಿಸಿ ಮುಂದೆ ಹೋಗುತ್ತೇವೆ. ಯಾವ ದಿನ, ಎಷ್ಟು ಗಂಟೆ, ಯಾರ ಮನೆ, ಉತ್ತರಕ್ಕೆ ಸಹಿ ಹಾಕಿದ್ದು ಯಾರು, ಯಾವ ವಿಷಯ ಎತ್ತಬಾರದು. ಇವೆಲ್ಲ ಗುಮಾಸ್ತೆ ಕೆಲಸ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಅರ್ಧ ರಾಜಕೀಯ ಅಲ್ಲೇ ಮುಗಿದಿರುತ್ತದೆ. ಒಳಗಿನ ಮಾತುಕತೆ ಎಷ್ಟೋ ಸಲ ಅದರ ಬಾಲಂಗೋಚಿ.

ಗಾಂಧೀಜಿಯನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಅವರಷ್ಟು ಕಾಗದ ಉಳಿಸಿ ಹೋದವರು ಕಡಿಮೆ. ಅವರ ಸಮಗ್ರ ಬರಹ ನೂರು ಸಂಪುಟ. ಭಾಷಣ, ಲೇಖನದ ಪಕ್ಕದಲ್ಲೇ ಎರಡು ಸಾಲಿನ ಚೀಟಿಗಳೂ ಸಿಗುತ್ತವೆ. ಬೇರೆ ನಾಯಕರ ಕಾಗದಪತ್ರಗಳಲ್ಲಿ ಕಸದ ಬುಟ್ಟಿಗೆ ಹೋಗುವಂಥವು ಇಲ್ಲಿ ಅಚ್ಚಾಗಿವೆ.

ಭೇಟಿ ಕೇಳುವ ಕಲೆಯನ್ನು ಅವರು ಕಲಿತದ್ದು ಬಹುಶಃ 1906ರಲ್ಲಿ, ಲಂಡನ್ನಿನಲ್ಲಿ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಆಗ ಬ್ರಿಟಿಷ್ ವಸಾಹತು. ಅದರ ಸರ್ಕಾರ ಅಲ್ಲಿನ ಏಷ್ಯನ್ನರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕು ಅಂತ ಸುಗ್ರೀವಾಜ್ಞೆ ತಂದಿತ್ತು. ಅದಕ್ಕೆ ಲಂಡನ್ನಿನ ಒಪ್ಪಿಗೆ ಸಿಗದಂತೆ ತಡೆಯಲು ಗಾಂಧಿ ಮತ್ತು ಅಲ್ಲಿನ ಭಾರತೀಯರ ಇನ್ನೊಬ್ಬ ಮುಖಂಡ ಹಾಜಿ ಓಜೀರ್ ಅಲಿ ಇಬ್ಬರೂ ಹಡಗು ಹತ್ತಿ ಹೋದರು. ಗಾಂಧಿಗೆ ಆಗ 37 ವರ್ಷ. ಇಳಿದುಕೊಂಡದ್ದು ಹೋಟೆಲ್ ಸೆಸಿಲ್‌ನಲ್ಲಿ. ಆಶ್ರಮದ ಗಾಂಧಿಯನ್ನೇ ನೋಡಿ ಅಭ್ಯಾಸ ಆದವರಿಗೆ ವಿಚಿತ್ರ ಅನ್ನಿಸಬಹುದು. ಅದು ಭಾರಿ ದೊಡ್ಡ, ಶ್ರೀಮಂತ ಹೋಟೆಲ್. ಆದರೆ ಪತ್ರದ ತಲೆಯ ಮೇಲೆ ಯಾವ ವಿಳಾಸ ಇದೆ ಅನ್ನುವುದು ಆ ಊರಿನಲ್ಲಿ ಲೆಕ್ಕಕ್ಕೆ ಬರುತ್ತಿತ್ತು. ವಕೀಲರಾಗಿದ್ದ ಗಾಂಧಿಗೆ ಅದು ಗೊತ್ತಿತ್ತು.

ಆ ವಾರಗಳ ಪತ್ರಗಳನ್ನು ಓದಿದರೆ ನಗು ಬರುತ್ತದೆ, ಗೌರವವೂ ಬರುತ್ತದೆ. ವಸಾಹತು ಮಂತ್ರಿ ಲಾರ್ಡ್ ಎಲ್ಗಿನ್‌ಗೆ ನೇರವಾಗಿ ಬರೆಯುವ ಹಾಗಿಲ್ಲ. ಅವರ ಖಾಸಗಿ ಕಾರ್ಯದರ್ಶಿಗೆ ಬರೆಯಬೇಕು. ಮಂತ್ರಿಗಳು ಕಾಣಲು ಒಪ್ಪಿದರೆ ನಿಯೋಗದಲ್ಲಿ ಯಾರು ಯಾರು ಇರುತ್ತಾರೆ ಅಂತ ಮೊದಲೇ ತಿಳಿಸಬೇಕು. ಆ ದೊಡ್ಡ ಹೆಸರುಗಳನ್ನು ಒಪ್ಪಿಸಲು ಒಬ್ಬೊಬ್ಬರಿಗೂ ಬೇರೆ ಪತ್ರ. ಅವರ ಬಿಡುವು ನೋಡಿಕೊಳ್ಳಲು ಇನ್ನೊಂದು. ಕಡೆಗೆ ನವೆಂಬರ್ 8ಕ್ಕೆ ದಿನ ಗೊತ್ತಾಯಿತು. ನಿಯೋಗದ ಮುಂದಾಳು ಸರ್ ಲೆಪೆಲ್ ಗ್ರಿಫಿನ್, ಪಂಜಾಬಿನಲ್ಲಿ ಆಡಳಿತ ನಡೆಸಿದ್ದ ಹಳೇ ಅಧಿಕಾರಿ. ಜೊತೆಗೆ ದಾದಾಭಾಯಿ ನವರೋಜಿ, ಮಂಚೇರ್ಜಿ ಭಾವನಗರಿ, ಅಮೀರ್ ಅಲಿ ಮುಂತಾದವರು. ಯಾರು ಬಾಗಿಲು ತಟ್ಟುತ್ತಾರೆ ಅನ್ನುವುದರ ಮೇಲೆ ಬಾಗಿಲು ಎಷ್ಟು ತೆರೆಯುತ್ತದೆ ಅನ್ನುವುದು ನಿಂತಿದೆ, ಅಲ್ವಾ? ಅರ್ಜಿಯ ವಿಷಯ ಗಾಂಧಿಯದ್ದು. ಅದನ್ನು ಒಳಗೆ ಹೊತ್ತುಕೊಂಡು ಹೋಗಲು ಹಳೇ ಅಧಿಕಾರಿಗಳು ಬೇಕಿತ್ತು.

ಅದೇ ನವೆಂಬರ್ ಕೊನೆಗೆ ಎಲ್ಗಿನ್‌ಗಿಂತ ಕೆಳಗಿನ ಸ್ಥಾನದಲ್ಲಿದ್ದ ಉಪಮಂತ್ರಿಯನ್ನೂ ಗಾಂಧಿ ಕಂಡರು. ಆತನ ಹೆಸರು ವಿನ್‌ಸ್ಟನ್ ಚರ್ಚಿಲ್. ಚರ್ಚಿಲ್ ಮತ್ತು ಗಾಂಧಿ ಮುಖಾಮುಖಿ ಭೇಟಿಯಾದದ್ದು ಆ ಒಂದೇ ಸಲ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಗಾಂಧೀಜಿ ಲಂಡನ್ನಿಗೆ ಹೋದಾಗ ಚರ್ಚಿಲ್ ಕಾಣಲು ಒಪ್ಪಲಿಲ್ಲ.

1906ರ ಓಡಾಟದ ಫಲ ಏನಾಯಿತು? ವಾಪಸ್ ಹೋಗುವಾಗ ಹಡಗು ಮಡೀರಾದಲ್ಲಿ ನಿಂತಿತ್ತು. ಅಲ್ಲಿ ತಂತಿ ಸಿಕ್ಕಿತು. ಸುಗ್ರೀವಾಜ್ಞೆಗೆ ಒಪ್ಪಿಗೆ ಕೊಡುವುದಿಲ್ಲ ಅಂತ ಎಲ್ಗಿನ್ ಹೇಳಿದ್ದಾರೆ! ಇಬ್ಬರಿಗೂ ಖುಷಿಯೋ ಖುಷಿ. ಆದರೆ 1907ರ ಜನವರಿ 1ಕ್ಕೆ ಟ್ರಾನ್ಸ್‌ವಾಲ್‌ಗೆ ಸ್ವಂತ ಸರ್ಕಾರ ಬಂತು. ಮಾರ್ಚಿನಲ್ಲಿ ಅದೇ ಕಾನೂನು ಅಲ್ಲಿನ ಶಾಸನಸಭೆಯಲ್ಲಿ ಪಾಸಾಯಿತು. ಈ ಸಲ ಲಂಡನ್ ತಡೆಯಲಿಲ್ಲ. ಆಮೇಲೆ ಹಾಗೇ ಆಗಲಿದೆ ಅನ್ನುವ ಸೂಚನೆ ಎಲ್ಗಿನ್ ಟ್ರಾನ್ಸ್‌ವಾಲ್ ಕಡೆಯವರಿಗೆ ಮೊದಲೇ ಕೊಟ್ಟಿದ್ದರು. ಪತ್ರ ಸರಿಯಾಗಿತ್ತು, ನಿಯೋಗ ಸರಿಯಾಗಿತ್ತು, ಉಪಚಾರ ಚೆನ್ನಾಗಿತ್ತು, ಕೆಲಸ ಮಾತ್ರ ಕೆಟ್ಟಿತು. ಆಮೇಲಿನ ಗಾಂಧಿಯ ಪತ್ರಗಳಲ್ಲಿ ಬರುವ ಬಿಗಿಗೆ ಈ ಪಾಠವೂ ಒಂದು ಕಾರಣ ಅಂತ ನನ್ನ ಅಂದಾಜು.

ಈಗ 1930ಕ್ಕೆ ಬರೋಣ. ಮಾರ್ಚ್ 2ರಂದು ಸಾಬರಮತಿಯಿಂದ ಇರ್ವಿನ್‌ಗೆ ಬರೆದ ಪತ್ರ. ಉಪ್ಪಿನ ಸತ್ಯಾಗ್ರಹಕ್ಕೆ ಮುಂಚೆ ಕೊಟ್ಟ ನೋಟಿಸು ಅಂತ ಅದನ್ನು ಎಲ್ಲರೂ ಬಲ್ಲರು. ‘ಪ್ರಿಯ ಮಿತ್ರ’ ಅಂತ ಶುರುವಾಗಿ, ಮಿತ್ರನ ಸಂಬಳದ ಲೆಕ್ಕ ತೆಗೆಯುತ್ತದೆ. ನಿಮಗೆ ತಿಂಗಳಿಗೆ 21,000 ರೂಪಾಯಿ, ದಿನಕ್ಕೆ 700 ರೂಪಾಯಿಗೂ ಮೇಲೆ. ಒಬ್ಬ ಭಾರತೀಯನ ಸರಾಸರಿ ಆದಾಯ ದಿನಕ್ಕೆ ಎರಡಾಣೆಗಿಂತ ಕಮ್ಮಿ. ಇದು ನಿಮ್ಮ ಮೇಲಿನ ದೂರಲ್ಲ, ವ್ಯವಸ್ಥೆಯ ಮೇಲಿನ ದೂರು ಅಂತ ಸೇರಿಸುತ್ತಾರೆ.

ಆದರೆ ಪತ್ರದ ಕೊನೆಯ ಕಡೆ ಬರುವ ಒಂದು ಸಾಲನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ನನ್ನ ಜೊತೆ ಈ ವಿಷಯಗಳನ್ನು ಚರ್ಚಿಸಬೇಕು ಅನ್ನಿಸಿದರೆ, ಅದಕ್ಕಾಗಿ ಈ ಪತ್ರದ ಪ್ರಕಟಣೆಯನ್ನು ಮುಂದೆ ಹಾಕಬೇಕು ಅನ್ನಿಸಿದರೆ, ಒಂದು ತಂತಿ ಕೊಡಿ, ಸಂತೋಷದಿಂದ ತಡೆಯುತ್ತೇನೆ. ಅಂದರೆ ಇದೂ ಭೇಟಿ ಕೇಳುವ ಪತ್ರವೇ. ಬಾಯಿಬಿಟ್ಟು ‘ನಿಮ್ಮನ್ನು ಕಾಣಬೇಕು’ ಅನ್ನುವುದಿಲ್ಲ. ‘ನಿಮಗೆ ಬೇಕಿದ್ದರೆ ನಾನಿದ್ದೇನೆ’ ಅನ್ನುತ್ತಾರೆ. ಕೇಳುವವರು ಯಾರು, ಕರೆಯುವವರು ಯಾರು ಅನ್ನುವುದನ್ನು ತಿರುವಿ ಇಟ್ಟಿದ್ದಾರೆ.

ಪತ್ರವನ್ನು ಅಂಚೆಗೆ ಹಾಕಲಿಲ್ಲ ಅನ್ನುವುದೂ ಮುಖ್ಯ. ಆಶ್ರಮದಲ್ಲಿದ್ದ ರೆಜಿನಾಲ್ಡ್ ರೆನಾಲ್ಡ್ಸ್ ಅನ್ನುವ ಇಂಗ್ಲಿಷ್ ಯುವಕನ ಕೈಯಲ್ಲಿ ಕಳಿಸಿದರು. ನಮ್ಮ ಜಗಳ ಇಂಗ್ಲಿಷರ ಜೊತೆ ಅಲ್ಲ ಅಂತ ತೋರಿಸಲು ಇಂಗ್ಲಿಷ್ ಹುಡುಗನೇ ಅಂಚೆಯವ. ಉತ್ತರ ವೈಸ್‌ರಾಯ್ ಸಹಿಯಲ್ಲಿ ಬರಲಿಲ್ಲ. ಖಾಸಗಿ ಕಾರ್ಯದರ್ಶಿ ಕನಿಂಗ್‌ಹ್ಯಾಮ್ ಬರೆದರು. ಕಾನೂನು ಮುರಿದು ಶಾಂತಿಗೆ ಧಕ್ಕೆ ತರುವ ದಾರಿ ನೀವು ಹಿಡಿದದ್ದು ತಿಳಿದು ವೈಸ್‌ರಾಯ್‌ಗೆ ವಿಷಾದವಾಗಿದೆ. ಅಷ್ಟೇ. ನಾನು ಮೊಣಕಾಲೂರಿ ರೊಟ್ಟಿ ಕೇಳಿದೆ, ಕಲ್ಲು ಸಿಕ್ಕಿತು ಅಂದರು ಗಾಂಧೀಜಿ. ಮಾರ್ಚ್ 12ಕ್ಕೆ ದಂಡಿಯ ಕಡೆ ನಡಿಗೆ ಶುರುವಾಯಿತು.

ಒಂದು ಮಾತು ನಡುವೆ. ಕಾರ್ಯದರ್ಶಿಯ ಸಹಿ ಅನ್ನುವುದು ಸಣ್ಣ ವಿಷಯ ಅಲ್ಲ. ಇವತ್ತು ಶಾಸಕರ ಮನೆ ಮುಂದೆ ಬೆಳಗ್ಗೆ ನಿಂತು ನೋಡಿ. ‘ಸಾಹೇಬ್ರು ಟೂರ್‌ನಲ್ಲಿದ್ದಾರೆ, ಅರ್ಜಿ ಕೊಟ್ಟು ಹೋಗಿ’ ಅನ್ನುವ ಪಿ.ಎ. ಬಾಯಿಂದ ನಮ್ಮ ಬೆಲೆ ಎಷ್ಟು ಅಂತ ಗೊತ್ತಾಗುತ್ತದೆ. ಸಾಹೇಬರು ಒಳಗೇ ಕಾಫಿ ಕುಡಿಯುತ್ತಿರಬಹುದು. ಆಗಲೂ ಅಷ್ಟೇ.

ಮುಂದಿನ ವರ್ಷ ಎಲ್ಲ ಬದಲಾಯಿತು. 1931ರ ಜನವರಿ 26ಕ್ಕೆ ಗಾಂಧೀಜಿ ಬಿಡುಗಡೆಯಾದರು. ಫೆಬ್ರವರಿ 6ಕ್ಕೆ ಮೋತಿಲಾಲ್ ನೆಹರೂ ತೀರಿಕೊಂಡರು. ಅದೇ ದಿನಗಳಲ್ಲಿ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ನಾಯಕರಾದ ಸಪ್ರು, ಜಯಕರ್, ಶ್ರೀನಿವಾಸ ಶಾಸ್ತ್ರಿ ಲಂಡನ್ನಿನಿಂದ ವಾಪಸ್ ಬಂದು, ವೈಸ್‌ರಾಯ್‌ರನ್ನು ಒಮ್ಮೆ ಕಾಣಿ ಅಂತ ಗಾಂಧೀಜಿಯ ಬೆನ್ನು ಹತ್ತಿದರು. ಫೆಬ್ರವರಿ 14ರಂದು ಗಾಂಧೀಜಿ ಬರೆದರು. ಪತ್ರದ ಮೊದಲ ಭಾಗ ನೋಡಿ: ನಾನು ಬೆಲೆ ಕೊಡುವ ಮಿತ್ರರು ನಿಮ್ಮನ್ನು ಕಾಣಬೇಕು ಅಂತ ಸಲಹೆ ಕೊಟ್ಟಿದ್ದಾರೆ, ಆ ಸಲಹೆಯನ್ನು ಇನ್ನು ತಳ್ಳಿಹಾಕಲಾರೆ. ಇದು ರಾಜಕೀಯ. ತಾನಾಗಿ ಬಂದದ್ದಲ್ಲ, ಮಿತ್ರರು ದಬ್ಬಿದರು. ಭೇಟಿ ಸಿಗದಿದ್ದರೂ ಮರ್ಯಾದೆ ಹೋಗದು. ನಮ್ಮಲ್ಲಿ ಹೆಣ್ಣು ಕೇಳಲು ಹೋಗುವಾಗ ‘ಹೀಗೇ ಈ ಕಡೆ ಬಂದಿದ್ವಿ’ ಅನ್ನುತ್ತಾರಲ್ಲ, ಅದೇ ಧಾಟಿ.

ಆದರೆ ಅದರ ಬೆನ್ನಿಗೇ ಇನ್ನೊಂದು ಸಾಲು ಬರುತ್ತದೆ: ನಾನು ಕಾಣಬೇಕೆಂದಿರುವುದು ಭಾರತದ ವೈಸ್‌ರಾಯ್‌ರನ್ನು ಅಷ್ಟಲ್ಲ, ನಿಮ್ಮೊಳಗಿನ ಮನುಷ್ಯನನ್ನು. ನಾಟಕದ ಮಾತು ಅಂತ ಕೆಲವರು ಅಂದಾರು. ನನಗೆ ಅನ್ನಿಸುವುದು ಬೇರೆ. ವೈಸ್‌ರಾಯ್ ಕುರ್ಚಿಯಲ್ಲಿ ಕೂತವನಿಗೆ ಲಂಡನ್ನಿನ ಅನುಮತಿ ಇಲ್ಲದೆ ಏನೂ ಕೊಡಲು ಬರುವುದಿಲ್ಲ. ಮನುಷ್ಯನಿಗೆ ಕಿವಿಗೊಡಲು ಬರುತ್ತದೆ. ಇರ್ವಿನ್ ದೈವಭಕ್ತ ಅಂತ ಗಾಂಧೀಜಿಗೆ ಗೊತ್ತಿತ್ತು. ಯಾವ ಬಾಗಿಲು ತೆರೆಯಬಹುದೋ ಅದನ್ನೇ ತಟ್ಟಿದರು.

ಈ ಸಲ ಉತ್ತರ ಬೇಗ ಬಂತು. ಫೆಬ್ರವರಿ 17, ಮಧ್ಯಾಹ್ನ ಎರಡೂವರೆಗೆ ದೆಹಲಿಯ ವೈಸ್‌ರಾಯ್ ಭವನದಲ್ಲಿ ಭೇಟಿ. ಗಾಂಧೀಜಿ ಉಳಿದುಕೊಂಡದ್ದು ದರಿಯಾಗಂಜ್‌ನಲ್ಲಿ, ಡಾಕ್ಟರ್ ಅನ್ಸಾರಿ ಮನೆಯಲ್ಲಿ. ಮಾತುಕತೆ ದಿನಗಟ್ಟಲೆ ನಡೆಯಿತು. ಒಂದು ಸಂಜೆ ಶಿಷ್ಯೆ ಮೀರಾಬೆನ್ ಗಾಂಧೀಜಿಯ ಊಟವನ್ನು ಅಲ್ಲಿಗೇ ಹೊತ್ತು ತಂದರು, ಖರ್ಜೂರ ಮತ್ತು ಹಾಲು. ಮಾರ್ಚ್ 5ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಅರೆಬೆತ್ತಲೆ ಫಕೀರನೊಬ್ಬ ವೈಸ್‌ರಾಯ್ ಅರಮನೆಯ ಮೆಟ್ಟಿಲು ಹತ್ತಿ, ಚಕ್ರವರ್ತಿಯ ಪ್ರತಿನಿಧಿಯ ಜೊತೆ ಸಮಸಮವಾಗಿ ಮಾತಾಡುವುದು ಅಸಹ್ಯ ಅಂತ ಚರ್ಚಿಲ್ ಅಂದದ್ದು ಈ ಭೇಟಿಗಳ ಮಧ್ಯೆಯೇ, ಫೆಬ್ರವರಿ 23ರಂದು. ಚರ್ಚಿಲ್‌ಗೆ ಒಳಗಿನ ಮಾತು ಏನೂ ಗೊತ್ತಿರಲಿಲ್ಲ. ಸಿಟ್ಟು ಬಂದದ್ದು ಮೆಟ್ಟಿಲು ಹತ್ತಿದ್ದಕ್ಕೆ, ಸಮಸಮ ಕೂತದ್ದಕ್ಕೆ. ಭೇಟಿಯ ತೂಕ ಎಲ್ಲಿದೆ ಅಂತ ಶತ್ರುವಿಗೆ ಚೆನ್ನಾಗಿ ತಿಳಿದಿತ್ತು ಅನ್ನಿ.

ಅದೇ ವರ್ಷದ ಆಗಸ್ಟಿನಲ್ಲಿ ಇನ್ನೊಂದು ಪತ್ರ ಇದೆ. ಇದರಲ್ಲಿ ಗಾಂಧೀಜಿ ದೊಡ್ಡ ಸ್ಥಾನದಲ್ಲಿದ್ದಾರೆ. ಬರೆದದ್ದು ಡಾಕ್ಟರ್ ಅಂಬೇಡ್ಕರ್‌ಗೆ, ಆಗಸ್ಟ್ 6ರಂದು, ಮುಂಬೈಯಲ್ಲೇ ಇದ್ದುಕೊಂಡು. ಇವತ್ತು ರಾತ್ರಿ ಎಂಟಕ್ಕೆ ಬಿಡುವು ಇದೆಯೇ, ನೀವು ಬರುವುದು ತೊಂದರೆ ಅನ್ನಿಸಿದರೆ ನಾನೇ ನಿಮ್ಮಲ್ಲಿಗೆ ಬರುತ್ತೇನೆ. ಅಂಬೇಡ್ಕರ್ ಆಗಷ್ಟೇ ಸಾಂಗ್ಲಿಯಿಂದ ಬಂದಿದ್ದರು. ಜೋರು ಜ್ವರ ಬಂತು. ಜ್ವರ ಇಳಿದ ಮೇಲೆ ನಾನೇ ಬರುತ್ತೇನೆ ಅಂತ ತಿಳಿಸಿದರು. ಆಗಸ್ಟ್ 14ರ ಮಧ್ಯಾಹ್ನ, ಮುಂಬೈಯಲ್ಲಿ ಗಾಂಧೀಜಿ ಇಳಿದುಕೊಳ್ಳುತ್ತಿದ್ದ ಮಣಿಭವನಕ್ಕೆ ಹೋದರು. ಅದು ಅವರಿಬ್ಬರ ಮೊದಲ ಭೇಟಿ.

ಪತ್ರ ತುಂಬ ವಿನಯದ್ದು. ‘ನಾನೇ ಬರುತ್ತೇನೆ’ ಅನ್ನುವುದು ಸಣ್ಣ ಮಾತಲ್ಲ. ಆದರೆ ಅಂಬೇಡ್ಕರ್ ಹೋದಾಗ ಗಾಂಧೀಜಿ ಬೇರೆಯವರ ಜೊತೆ ಮಾತಿನಲ್ಲಿದ್ದರು. ಕೂಡಲೇ ಇವರ ಕಡೆ ತಿರುಗಲಿಲ್ಲ ಅಂತ ಅಂಬೇಡ್ಕರ್ ಅವರ ಜೀವನಚರಿತ್ರೆ ದಾಖಲಿಸುತ್ತದೆ. ಆಮೇಲೆ ಮಾತು ಬಿಸಿಯಾಯಿತು. ‘ನನಗೆ ತಾಯ್ನಾಡೇ ಇಲ್ಲ’ ಅನ್ನುವ ಅಂಬೇಡ್ಕರ್ ಮಾತು ಬಂದದ್ದು ಆ ದಿನವೇ. ಅದಕ್ಕಿಂತ ಆಶ್ಚರ್ಯದ್ದು ಇನ್ನೊಂದಿದೆ. ಅಂಬೇಡ್ಕರ್ ಅಸ್ಪೃಶ್ಯ ಸಮುದಾಯದವರು ಅಂತಲೇ ಆಗ ಗಾಂಧೀಜಿಗೆ ಗೊತ್ತಿರಲಿಲ್ಲ. ದಲಿತರ ಬಗ್ಗೆ ಕಾಳಜಿ ಇರುವ ಯಾರೋ ಬ್ರಾಹ್ಮಣರು ಅಂದುಕೊಂಡಿದ್ದರು. ಇದನ್ನು ಅವರೇ ಆಮೇಲೆ ಹೇಳಿದ್ದು ಮಹಾದೇವ ದೇಸಾಯಿ ದಿನಚರಿಯಲ್ಲಿದೆ. ಸಮಯ ಕೇಳಿದರು, ಜಾಗ ಬಿಟ್ಟುಕೊಡಲು ಸಿದ್ಧರಿದ್ದರು, ಎದುರಿಗಿರುವವರು ಯಾರು ಅಂತ ಮಾತ್ರ ತಿಳಿದುಕೊಂಡಿರಲಿಲ್ಲ. ಗಾಂಧೀಜಿಯನ್ನು ಮೆಚ್ಚುವವರು ಇದನ್ನು ಬೇಗ ದಾಟಿ ಹೋಗುತ್ತಾರೆ. ನಾನೂ ಮೆಚ್ಚುವವನೇ, ಆದರೆ ಇಲ್ಲಿ ನಿಲ್ಲಬೇಕು.

ಡಿಸೆಂಬರ್ 28ಕ್ಕೆ ಗಾಂಧೀಜಿ ದುಂಡುಮೇಜಿನ ಪರಿಷತ್ತು ಮುಗಿಸಿ ಲಂಡನ್ನಿನಿಂದ ಬಂದು ಮುಂಬೈಯಲ್ಲಿ ಇಳಿದರು. ಇರ್ವಿನ್ ಏಪ್ರಿಲ್‌ನಲ್ಲೇ ಹೋಗಿಯಾಗಿತ್ತು. ವೈಸ್‌ರಾಯ್ ಈಗ ವಿಲ್ಲಿಂಗ್ಡನ್. ಗಾಂಧೀಜಿ ಇಳಿಯುವ ಮೊದಲೇ ಖಾನ್ ಅಬ್ದುಲ್ ಗಫಾರ್ ಖಾನ್ ಮತ್ತು ಜವಾಹರಲಾಲ್ ನೆಹರೂ ಜೈಲಿನಲ್ಲಿದ್ದರು. 29ಕ್ಕೆ ಗಾಂಧೀಜಿ ತಂತಿ ಕೊಟ್ಟರು. ನಾನು ಓದಿರುವ ಭೇಟಿ ಕೋರಿಕೆಗಳಲ್ಲಿ ಇದೇ ಅತಿ ಚೂಪಾದದ್ದು. ಅದರ ಸಾರ ಇದು: ವಾಯವ್ಯ ಗಡಿನಾಡು, ಸಂಯುಕ್ತ ಪ್ರಾಂತ್ಯಗಳ ಸುಗ್ರೀವಾಜ್ಞೆ, ಗುಂಡು, ನನ್ನ ಗೆಳೆಯರ ಬಂಧನ, ಮೇಲಿಂದ ಬಂಗಾಳದ ಸುಗ್ರೀವಾಜ್ಞೆ, ಇವೆಲ್ಲ ನನಗಾಗಿ ಕಾದಿರುತ್ತವೆ ಅಂತ ಎಣಿಸಿರಲಿಲ್ಲ. ನಮ್ಮ ಸ್ನೇಹ ಮುಗಿಯಿತು ಅಂತ ತಿಳಿಯಲೋ, ಇಲ್ಲ ನಾನು ಈಗಲೂ ಬಂದು ನಿಮ್ಮನ್ನು ಕಂಡು, ಕಾಂಗ್ರೆಸ್ಸಿಗೆ ಏನು ಸಲಹೆ ಕೊಡಬೇಕು ಅಂತ ನಿಮ್ಮಿಂದ ಮಾರ್ಗದರ್ಶನ ಪಡೆಯಲಿ ಅಂತ ನೀವು ಬಯಸುತ್ತೀರೋ? ತಂತಿಯಲ್ಲಿ ತಿಳಿಸಿದರೆ ಉಪಕಾರ.

ಎಷ್ಟು ಸೊಗಸಾಗಿದೆ ನೋಡಿ. ಕೇಳಿದ್ದು ಭೇಟಿಯೇ. ಆದರೆ ‘ಇಲ್ಲ’ ಅಂದರೆ ಸ್ನೇಹ ಮುರಿದವರು ನೀವು ಅಂತಾಗುತ್ತದೆ. ‘ಹೌದು’ ಅಂದರೆ ಸುಗ್ರೀವಾಜ್ಞೆಗಳ ಬಗ್ಗೆ ಮಾತಾಡಬೇಕಾಗುತ್ತದೆ.

ವಿಲ್ಲಿಂಗ್ಡನ್ ಕಡೆಯವರೂ ದಡ್ಡರಲ್ಲ. 31ಕ್ಕೆ ಕಾರ್ಯದರ್ಶಿಯಿಂದ ಉತ್ತರ ಬಂತು. ವೈಸ್‌ರಾಯ್ ಕಾಣಲು ಸಿದ್ಧರಿದ್ದಾರೆ, ಆದರೆ ಬಂಗಾಳ, ಸಂಯುಕ್ತ ಪ್ರಾಂತ್ಯ, ಗಡಿನಾಡಿನಲ್ಲಿ ಸರ್ಕಾರ ಕೈಗೊಂಡ ಕ್ರಮಗಳ ಬಗ್ಗೆ ಮಾತಾಡುವುದಿಲ್ಲ. ಅಂದರೆ ಬನ್ನಿ, ಯಾವುದಕ್ಕಾಗಿ ಬರುತ್ತೀರೋ ಅದೊಂದು ಬಿಟ್ಟು. 1927ರಲ್ಲಿ ಇರ್ವಿನ್ ಬಾಯಿಬಿಡದೆ ಮಾಡಿದ್ದನ್ನು ವಿಲ್ಲಿಂಗ್ಡನ್ ಬರವಣಿಗೆಯಲ್ಲೇ ಮಾಡಿದರು. ಜನವರಿ 1ಕ್ಕೆ ಗಾಂಧೀಜಿ ಉದ್ದನೆಯ ತಂತಿ ಕೊಟ್ಟರು. ಕಾಂಗ್ರೆಸ್ ಕಾರ್ಯಸಮಿತಿ ಕಾನೂನುಭಂಗ ಮತ್ತೆ ಶುರು ಮಾಡುವ ನಿರ್ಣಯ ಮಾಡಿದೆ, ಭೇಟಿಯಿಂದ ಪ್ರಯೋಜನ ಇದೆ ಅಂತ ವೈಸ್‌ರಾಯ್‌ಗೆ ಅನ್ನಿಸಿದರೆ ಮಾತುಕತೆ ಮುಗಿಯುವವರೆಗೆ ನಿರ್ಣಯವನ್ನು ತಡೆಹಿಡಿಯುತ್ತೇವೆ. 2ಕ್ಕೆ ಉತ್ತರ ಬಂತು: ಬೆದರಿಕೆ ಹಾಕಿಕೊಂಡು ಭೇಟಿ ಕೇಳುವವರನ್ನು ಕಾಣುವುದಿಲ್ಲ. 3ಕ್ಕೆ ಗಾಂಧೀಜಿಯ ಕೊನೇ ತಂತಿ. 4ರ ಬೆಳಗಿನ ಜಾವ ಪೊಲೀಸರು ಮಣಿಭವನಕ್ಕೆ ಬಂದರು. ಅವತ್ತು ಸೋಮವಾರ, ಅವರ ಮೌನದ ದಿನ. ಕರೆದುಕೊಂಡು ಹೋದದ್ದು ಯರವಾಡಕ್ಕೆ. ಒಂದು ಭೇಟಿಯ ಸಮಯ ಗೊತ್ತು ಮಾಡಲು ಹೊರಟ ತಂತಿಗಳು ವಾರ ತುಂಬುವುದರೊಳಗೆ ಜೈಲಿನಲ್ಲಿ ಮುಗಿದವು.

ಗಾಂಧೀಜಿ ನಿಜವಾಗಿ ಭೇಟಿ ಬಯಸಿದ್ದರೇ, ಇಲ್ಲ ಚಳವಳಿಗೆ ನೆಪ ಬೇಕಿತ್ತೇ ಅಂತ ಕೆಲವರು ಕೇಳುತ್ತಾರೆ. ಎರಡೂ ಇರಬಹುದು. ಭೇಟಿ ಸಿಕ್ಕರೆ ಸರಿ, ಸಿಗದಿದ್ದರೆ ಕೇಳಿದ್ದೆ ಅನ್ನುವುದಕ್ಕೆ ಕಾಗದ ಇರುತ್ತದೆ. 1933ರ ಜುಲೈನಲ್ಲಿ ಮತ್ತೆ ವಿಲ್ಲಿಂಗ್ಡನ್‌ಗೆ ತಂತಿ ಹೋಯಿತು, ಶಾಂತಿಯ ದಾರಿ ಹುಡುಕಲು ಭೇಟಿ ಬೇಕು ಅಂತ. ಮೊದಲು ಚಳವಳಿ ನಿಲ್ಲಿಸಿ ಅಂತ ಉತ್ತರ ಬಂತು. 1942ರ ಆಗಸ್ಟ್ 8ರ ರಾತ್ರಿ ಮುಂಬೈಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ‘ಮಾಡು ಇಲ್ಲವೇ ಮಡಿ’ ಅಂದದ್ದು ಎಲ್ಲರಿಗೂ ನೆನಪಿದೆ. ಅದೇ ಭಾಷಣದಲ್ಲಿ, ನಾನು ಮೊದಲು ವೈಸ್‌ರಾಯ್‌ರನ್ನು ಕಂಡು ಕೇಳಿಕೊಳ್ಳುತ್ತೇನೆ, ಅದಕ್ಕೆ ಎರಡು ಮೂರು ವಾರ ಹಿಡಿಯಬಹುದು ಅಂತಲೂ ಹೇಳಿದ್ದರು. ಸರ್ಕಾರ ಎರಡು ಮೂರು ವಾರ ಕೊಡಲಿಲ್ಲ. ಬೆಳಗಾಗುವುದರೊಳಗೆ ಬಂಧಿಸಿತು.

ಈಗ ಕೊನೇ ಪತ್ರಗಳಿಗೆ ಬರುತ್ತೇನೆ. ಇವು ಜಿನ್ನಾ ಜೊತೆಗಿನವು.

1943ರ ಏಪ್ರಿಲ್‌ನಲ್ಲಿ ದೆಹಲಿಯ ಮುಸ್ಲಿಂ ಲೀಗ್ ಅಧಿವೇಶನದಲ್ಲಿ ಜಿನ್ನಾ ಒಂದು ಮಾತು ಎಸೆದರು. ಗಾಂಧಿಗೆ ನಿಜವಾಗಿ ಒಪ್ಪಂದ ಬೇಕಿದ್ದರೆ ನನಗೆ ನೇರವಾಗಿ ಬರೆಯಲಿ, ಆ ಪತ್ರವನ್ನು ತಡೆಯುವ ಧೈರ್ಯ ಸರ್ಕಾರಕ್ಕೆ ಇರುವುದಿಲ್ಲ. ಗಾಂಧೀಜಿ ಆಗ ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧಿ. ಜಿನ್ನಾ ಮಾತನ್ನು ಪತ್ರಿಕೆಯಲ್ಲಿ ಓದಿ ಮೇ 4ಕ್ಕೆ ಬರೆದರು. ನಿಮ್ಮ ಆಹ್ವಾನ ಒಪ್ಪಿದ್ದೇನೆ. ಪತ್ರದ ಮೂಲಕ ಮಾತಾಡುವುದಕ್ಕಿಂತ ಮುಖಾಮುಖಿ ಕೂರೋಣ. ಆದರೆ ನಿಮ್ಮ ಇಷ್ಟ. ಜೊತೆಗೆ ಒಂದು ಚುಚ್ಚು: ನಿಮ್ಮ ಆಹ್ವಾನದಲ್ಲಿ ದೊಡ್ಡದೊಂದು ‘ಒಂದು ವೇಳೆ’ ಇದ್ದ ಹಾಗಿದೆಯಲ್ಲ?

ಸರ್ಕಾರಕ್ಕೆ ಧೈರ್ಯ ಇತ್ತು. ಪತ್ರವನ್ನು ತಡೆಯಿತು. ಹೀಗೊಂದು ಪತ್ರ ಬಂದಿದೆ, ಕಳಿಸುವುದಿಲ್ಲ ಅಂತ ಜಿನ್ನಾಗೆ ಸಾರಾಂಶ ಮಾತ್ರ ತಿಳಿಸಿತು. ಜಿನ್ನಾ ಸರ್ಕಾರದ ಮೇಲೆ ಸಿಟ್ಟಾಗಬೇಕಿತ್ತು. ಆಗಲಿಲ್ಲ. ಲೀಗನ್ನು ಸರ್ಕಾರದ ಜೊತೆ ಜಗಳಕ್ಕೆ ಇಳಿಸಲು ಗಾಂಧಿ ಹೂಡಿದ ಆಟ ಇದು ಅಂದರು.

1944ರ ಮೇ 6ಕ್ಕೆ ಗಾಂಧೀಜಿ ಬಿಡುಗಡೆಯಾದರು. ಜೂನ್‌ನಲ್ಲಿ ವೈಸ್‌ರಾಯ್ ವೇವೆಲ್‌ಗೆ ಬರೆದು ಭೇಟಿ ಕೇಳಿದರು. ನಮ್ಮಿಬ್ಬರ ನಿಲುವು ಇಷ್ಟು ದೂರ ಇರುವಾಗ ಈಗ ಭೇಟಿಯಿಂದ ಪ್ರಯೋಜನ ಇಲ್ಲ, ಸುಧಾರಿಸಿಕೊಂಡ ಮೇಲೆ ಖಚಿತವಾದ ಸಲಹೆ ಇದ್ದರೆ ನೋಡೋಣ ಅಂತ ಉತ್ತರ. ಜುಲೈಯಲ್ಲಿ ಪಂಚಗಣಿಗೆ ಹೋದರು. ಅಲ್ಲಿಂದ ಜುಲೈ 17ರಂದು, ಒಂದೇ ದಿನ, ಎರಡು ಪತ್ರ ಬರೆದರು. ಒಂದು ಚರ್ಚಿಲ್‌ಗೆ. ನೀವು ನನ್ನನ್ನು ಬೆತ್ತಲೆ ಫಕೀರ ಅಂದಿರಂತೆ, ಫಕೀರನಾಗಲು, ಅದೂ ಬೆತ್ತಲೆಯಾಗಲು ಬಹಳ ದಿನದಿಂದ ಪ್ರಯತ್ನ ಮಾಡುತ್ತಿದ್ದೇನೆ, ಅದು ಕಷ್ಟದ ಕೆಲಸ, ಆದ್ದರಿಂದ ಅದನ್ನು ಹೊಗಳಿಕೆ ಅಂತಲೇ ತಿಳಿಯುತ್ತೇನೆ, ನನ್ನನ್ನು ನಂಬಿ, ಬಳಸಿಕೊಳ್ಳಿ. ಆ ಪತ್ರ ದಾರಿ ತಪ್ಪಿತು. ಮುಂದಿನ ವರ್ಷ ಜೂನ್‌ನಲ್ಲಿ ಗಾಂಧೀಜಿ ಅದನ್ನು ಪತ್ರಿಕೆಗೆ ಕೊಟ್ಟರು.

ಎರಡನೆಯದು ಜಿನ್ನಾಗೆ, ಗುಜರಾತಿಯಲ್ಲಿ. ಇಬ್ಬರೂ ಕಾಠಿಯಾವಾಡ ಮೂಲದವರು, ಗೊತ್ತಲ್ಲ. ‘ಭಾಯಿ ಜಿನ್ನಾ, ನಿಮ್ಮನ್ನು ತಾಯ್ನುಡಿಯಲ್ಲಿ ಮಾತಾಡುವಂತೆ ಒಪ್ಪಿಸಿದ ಒಂದು ಕಾಲ ಇತ್ತು. ಇವತ್ತು ತಾಯ್ನುಡಿಯಲ್ಲಿ ನಿಮಗೆ ಬರೆಯುವ ಧೈರ್ಯ ಮಾಡಿದ್ದೇನೆ. ನೀವು ಯಾವಾಗ ಹೇಳುತ್ತೀರೋ ಆಗ ಭೇಟಿಯಾಗೋಣ. ನನ್ನನ್ನು ಇಸ್ಲಾಮಿನ ಶತ್ರು ಅಂತ ತಿಳಿಯಬೇಡಿ. ನಿರಾಶೆ ಮಾಡಬೇಡಿ.’ ಜೊತೆಗೆ ಉರ್ದು ಅನುವಾದ. ಷರತ್ತಿಲ್ಲ, ಚುಚ್ಚಿಲ್ಲ. ಮಿತ್ರರ ಸಲಹೆ ಅನ್ನುವ ಅಡ್ಡಗೋಡೆಯೂ ಇಲ್ಲ. ಇರ್ವಿನ್‌ಗೆ ಬರೆದ ಪತ್ರದ ಪಕ್ಕ ಇಟ್ಟು ಓದಿದರೆ ವ್ಯತ್ಯಾಸ ಕಾಣುತ್ತದೆ. ಇದರಲ್ಲಿ ಬರೆಯುವವರು ತಮಗಾಗಿ ಏನೂ ಉಳಿಸಿಕೊಂಡಿಲ್ಲ.

ಜಿನ್ನಾ ಶ್ರೀನಗರದಲ್ಲಿದ್ದರು, ‘ಕ್ವೀನ್ ಎಲಿಜಬೆತ್’ ಅನ್ನುವ ದೋಣಿಮನೆಯಲ್ಲಿ. 24ಕ್ಕೆ ಇಂಗ್ಲಿಷಿನಲ್ಲಿ ಉತ್ತರ. ಪ್ರಿಯ ಮಿಸ್ಟರ್ ಗಾಂಧಿ, ನಿಮ್ಮ 17ರ ಪತ್ರ 22ಕ್ಕೆ ತಲುಪಿತು, ಧನ್ಯವಾದ. ನಾನು ವಾಪಸ್ ಬಂದ ಮೇಲೆ, ಬಹುಶಃ ಆಗಸ್ಟ್ ಮಧ್ಯದಲ್ಲಿ, ಮುಂಬೈಯ ನನ್ನ ಮನೆಯಲ್ಲಿ ನಿಮ್ಮನ್ನು ಬರಮಾಡಿಕೊಳ್ಳಲು ಸಂತೋಷ. ಭೇಟಿಯಾಗುವವರೆಗೆ ಹೆಚ್ಚಿಗೆ ಏನೂ ಹೇಳಬಯಸುವುದಿಲ್ಲ. ನಿಮ್ಮ ಆರೋಗ್ಯ ಸುಧಾರಿಸುತ್ತಿರುವುದನ್ನು ಪತ್ರಿಕೆಯಲ್ಲಿ ಓದಿ ಸಂತೋಷವಾಯಿತು.

ಒಂದೂ ಒರಟು ಮಾತಿಲ್ಲ. ಆದರೆ ‘ನನ್ನ ಮನೆಯಲ್ಲಿ’ ಅನ್ನುವುದರ ಮೇಲೆ ಗಮನ ಇಡಿ. ಲೀಗಿನ ನಾಯಕ ಎಲ್ಲೂ ಹೋಗುವುದಿಲ್ಲ. ಗಾಂಧಿ ಬರುತ್ತಾರೆ. ಇಡೀ ದೇಶದ ಪತ್ರಿಕೆಗಳ ಕ್ಯಾಮೆರಾ ಮೌಂಟ್ ಪ್ಲೆಸೆಂಟ್ ರಸ್ತೆಯ ಹತ್ತನೇ ನಂಬರಿನ ಮನೆ ಮುಂದೆ ನಿಂತಿರುತ್ತದೆ. ಭಾರತದ ಮುಸ್ಲಿಮರ ಪರವಾಗಿ ಮಾತಾಡುವ ಹಕ್ಕು ಯಾರಿಗೆ ಅನ್ನುವುದೇ ಆಗಿನ ಜಗಳ. ಅದಕ್ಕೆ ಅರ್ಧ ಉತ್ತರ ಆ ವಿಳಾಸದಲ್ಲೇ ಸಿಕ್ಕಿತ್ತು. ಗಾಂಧೀಜಿಯ ಈ ಭೇಟಿಯಿಂದ ಜಿನ್ನಾ ವರ್ಚಸ್ಸು ಏರಿತು ಅಂತ ಕಾಂಗ್ರೆಸ್ಸಿನೊಳಗೇ ಅನೇಕರು ಆಗ ಗೊಣಗಿದರು. ತಪ್ಪಿಲ್ಲ. ಗಾಂಧೀಜಿಗೆ ಅದು ಗೊತ್ತಿರಲಿಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಭೇಟಿಯ ವ್ಯಾಕರಣ ಮೂವತ್ತೆಂಟು ವರ್ಷದಿಂದ ಅವರಿಗೆ ಬಾಯಿಪಾಠ. ಬೆಲೆ ಎಷ್ಟು ಅಂತ ತಿಳಿದೇ ಕೊಟ್ಟರು.

ಜಿನ್ನಾಗೆ ಮೈ ಸರಿಯಿಲ್ಲದೆ ಆಗಸ್ಟಿನ ಭೇಟಿ ಮುಂದೆ ಹೋಯಿತು. ಸೆಪ್ಟೆಂಬರ್ 9ಕ್ಕೆ ಶುರುವಾಯಿತು. ಗಾಂಧೀಜಿ ಅದೇ ರಸ್ತೆಯ ಬಿರ್ಲಾ ಹೌಸ್‌ನಲ್ಲಿ ಉಳಿದಿದ್ದರು, ಅಲ್ಲಿಂದ ಜಿನ್ನಾ ಮನೆ ಕೂಗಳತೆ ದೂರ. 27ರವರೆಗೆ ಮತ್ತೆ ಮತ್ತೆ ಕೂತರು. ಮುಖಾಮುಖಿ ಕೂರೋಣ ಅಂತ ಜೈಲಿನಿಂದ ಬರೆದವರು, ಕಾಗದ ಬೇಡ ಅಂದವರು, ಈಗ ಏನು ಮಾಡಿದರು ಗೊತ್ತಾ? ದಿನವೂ ಪತ್ರ ಬರೆದರು. ಬೆಳಗ್ಗೆಯೋ ಸಂಜೆಯೋ ಮಾತಾಡುವುದು, ಆಮೇಲೆ ಮಾತಾಡಿದ್ದನ್ನು ಬರೆದು ಕಳಿಸುವುದು, ಅದಕ್ಕೆ ಜಿನ್ನಾ ಉತ್ತರ, ಉತ್ತರಕ್ಕೆ ಮರು ಉತ್ತರ. ಪಾಕಿಸ್ತಾನದ ಬೇಡಿಕೆಗೆ ಆಧಾರವಾಗಿದ್ದ ಲೀಗಿನ ಲಾಹೋರ್ ನಿರ್ಣಯದ ಈ ಮಾತಿನ ಅರ್ಥ ಏನು, ಆ ಮಾತಿನ ಅರ್ಥ ಏನು, ಎರಡು ರಾಷ್ಟ್ರ ಅಂದರೆ ಏನು. ಎದುರು ಕೂತಾಗ ಹೇಳಿದ್ದು ಲೆಕ್ಕಕ್ಕಿಲ್ಲ, ಬರೆದದ್ದೇ ಲೆಕ್ಕ ಅನ್ನುವ ಹಾಗಾಯಿತು. ಮಾತು ಮುರಿದು ಬಿದ್ದ ಮೇಲೆ ಆ ಪತ್ರಗಳೆಲ್ಲ ಪತ್ರಿಕೆಗಳಲ್ಲಿ ಅಚ್ಚಾದವು.

ಆ ಕೋಣೆಯೊಳಗೆ ಇಬ್ಬರೇ ಇದ್ದರು. ಏನು ಮಾತಾಡಿದರು ಅನ್ನುವುದಕ್ಕೆ ನಮ್ಮ ಬಳಿ ಮುಖ್ಯವಾಗಿ ಇರುವುದು ಈ ಕಾಗದಗಳೇ. ಸಮಗ್ರ ಬರಹದ ಸಂಪುಟಗಳಲ್ಲಿ ಅಷ್ಟೂ ಇವೆ, ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ದಿನಾಂಕದ ಪ್ರಕಾರ ಓದಿ. ಮೊದಲು ವಿಳಾಸ, ಕೊನೆಗೆ ಸಹಿ, ಆಮೇಲೆ ನಡುವಿನದ್ದು.

ನಾನು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.